ಅವತ್ತು ಬಾಕ್ಸು ಬರಲಿಲ್ಲ

ಅಳಿಸಬೇಕಾಗಿದ್ದ ಒಂದು ಸಾಲನ್ನು ನಾನು ಅಳಿಸಲಿಲ್ಲ. ಆಮೇಲೆ ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಲಿಲ್ಲ. ಮೊದಲನೆಯದು ಮರೆವು. ಎರಡನೆಯದನ್ನೂ ಮರೆವು ಎನ್ನಲು ಈ ವಯಸ್ಸಿನಲ್ಲೂ ನನಗೆ ನಾಲಿಗೆ ಏಳುವುದಿಲ್ಲ. ಇವೆರಡರಿಂದ ನಮ್ಮ ಸರೋಜಕ್ಕನ ಕೆಲಸ ಹೋಯಿತು. ಕೆಲಸಕ್ಕಿಂತ ದೊಡ್ಡದೊಂದು ಹೋಯಿತು. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಹೋದ ವರ್ಷ ನಾನು ಕೆಲಸದಿಂದ ನಿವೃತ್ತನಾದೆ. ಕೊನೆಯ ದಿನ ಆಫೀಸಿನ ಹುಡುಗ ಹುಡುಗಿಯರು ಹಾರ ಹಾಕಿ, "ಸಾರ್, ನೀವು ಶುರು ಮಾಡಿದಾಗ ಈ ಕೆಲಸ ಹೆಂಗಿತ್ತು ಅಂತ ಬರೀರಿ, ನಮಗೂ ಗೊತ್ತಾಗ್ಲಿ" ಅಂದರು. ನಾನು ಎಸ್ಸೆಸ್ಸೆಲ್ಸಿ ಫೇಲಾದವನು. ಕಟ್ಟಿ ಬರೆಯುವುದು ಬರುವುದಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಯಾವಾಗ ಸಂಬಳ ಏರಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದರಿಂದ ನಿಮಗೆ ಏನೂ ಉಪಯೋಗವಿಲ್ಲ. ಅದನ್ನು ಬಿಟ್ಟಿದ್ದೇನೆ.

ವೆಬ್ ಪುಟಗಳಿಗೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣ ಸಣ್ಣ ಕಿಟಕಿಗಳನ್ನು ಸೇರಿಸುವುದೇ ನನ್ನ ಬಹುಕಾಲದ ಕೆಲಸವಾಗಿತ್ತು. ನೀವು ಪುಟದಲ್ಲಿ ಏನೋ ಮಾಡುತ್ತಿರುವಾಗ ಒಂದು ಚೌಕ ಎದ್ದು ನಿಂತು, ಮೊದಲು ನನಗೆ ಉತ್ತರ ಕೊಡು, ಅಲ್ಲಿಯವರೆಗೆ ಹಿಂದಿರುವುದನ್ನು ಮುಟ್ಟಬೇಡ ಅನ್ನುತ್ತದಲ್ಲ, ಅದು. ಪುಸ್ತಕದಲ್ಲಿ ಅದಕ್ಕೆ ಮೋಡಲ್ ಡೈಲಾಗ್ ಎಂದು ಹೆಸರು. ದೊಡ್ಡಬಳ್ಳಾಪುರದ ನಮ್ಮ ಆಫೀಸಿನಲ್ಲಿ ಎಲ್ಲರೂ ಬಾಕ್ಸು ಅನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ಬಾಕ್ಸಿನ ಕಥೆಗೆ ಮೊದಲು ಮಗ್ಗದ ವಿಷಯ ಹೇಳಬೇಕು. ನಮ್ಮದು ನೇಯುವವರ ಮನೆ. ಅಪ್ಪ ಬೇರೆಯವರ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದರು. ಸೀರೆಗೆ ಇಷ್ಟು ಎಂದು ಕೂಲಿ. ಅಮ್ಮ ಮತ್ತು ಅಕ್ಕ ಮನೆಯಲ್ಲಿ ನೆಲದ ಮೇಲೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಲಾಳಿಯಿಂದ ಬರುವ ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲಲೆಂದು ಅದರ ಪಕ್ಕದಲ್ಲಿ ಮುಳ್ಳುಚಮಚದಂಥ ಒಂದು ಸಣ್ಣ ತಂತಿ ಇರುತ್ತದೆ. ಮಗ್ಗ ಹಳೆಯದಾದಂತೆ ಅದು ಎಳೆ ಕಡಿಯದಿದ್ದರೂ ನಿಲ್ಲಿಸತೊಡಗುತ್ತದೆ. ಆಗ ನೇಯುವವರು ಒಂದು ತುಂಡು ನೂಲು ತೆಗೆದು ಆ ತಂತಿಯನ್ನು ಎಳೆದು ಕಟ್ಟಿಬಿಡುತ್ತಾರೆ. ಎಲ್ಲ ಶೆಡ್ಡಿನಲ್ಲೂ ಇದು ಇದ್ದದ್ದೇ. ಮೇಸ್ತ್ರಿ ಬಂದಾಗ ಬಿಚ್ಚುವುದು, ಹೋದಾಗ ಕಟ್ಟುವುದು.

ಚಿಕ್ಕವನಿದ್ದಾಗ ಅಪ್ಪನಿಗೆ ಊಟ ತೆಗೆದುಕೊಂಡು ಹೋಗಿದ್ದಾಗ ಕೇಳಿದ್ದೆ.

"ಅದನ್ಯಾಕೆ ಕಟ್ತೀಯಪ್ಪಾ?"

"ಸುಮ್‌ಸುಮ್ನೆ ನಿಂತ್ಕಳತ್ತೆ ಕಣ್ಲಾ. ನಿಂತ್ರೆ ಅದುಕ್ಕೇನು, ಅದೇನ್ ಹೊಟ್ಟೆಗೆ ತಿನ್ನತ್ತಾ?"

"ಮತ್ತೆ ಎಳೆ ಕಡುದ್ರೆ?"

"ಕಣ್ಣಿಲ್ವಾ ನಂಗೆ? ಇಲ್ಲೇ ನಿಂತಿದ್ದೀನಲ್ಲ."

ನಿಜವಾಗಿ ಅಲ್ಲೇ ನಿಂತಿರುತ್ತಿದ್ದರು. ತಂತಿ ಕಟ್ಟಿದ ದಿನ ಬೀಡಿ ಸೇದಲೂ ಹೊರಗೆ ಬರುತ್ತಿರಲಿಲ್ಲ. ಪಾಳಿ ಮುಗಿದು ಮಗ್ಗವನ್ನು ಇನ್ನೊಬ್ಬನ ಕೈಗೆ ಕೊಡುವ ಮೊದಲು ತಾವೇ ಬಿಚ್ಚುತ್ತಿದ್ದರು. ಆ ನೂಲಿನ ತುಂಡು ಅವರ ಅಂಗಿಯ ಜೇಬಿನಲ್ಲಿ ಮನೆಗೆ ಬರುತ್ತಿತ್ತು. ಅಮ್ಮ ಬಟ್ಟೆ ಒಗೆಯುವಾಗ ಬೈಯುತ್ತಾ ತೆಗೆಯುತ್ತಿದ್ದಳು. ಕಟ್ಟುವುದನ್ನು ನಾನು ಕಲಿತೆ. ಉಳಿದದ್ದನ್ನು ಕಲಿಯಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ, ಎಸ್ಸೆಸ್ಸೆಲ್ಸಿ ಕೈಕೊಟ್ಟ ಮೇಲೆ, ಸೀರೆಗೆ ಚಿತ್ತಾರ ನೇಯುವ ಜಕಾರ್ಡಿನ ಕಾರ್ಡಿಗೆ ತೂತು ಹೊಡೆಯುವ ಕೆಲಸಕ್ಕೆ ಸೇರಿದೆ. ಡಿಸೈನ್ ಕಾಗದದ ಚೌಕಗಳನ್ನು ನೋಡಿಕೊಂಡು ರಟ್ಟಿನ ಮೇಲೆ ತೂತು ಹಾಕುತ್ತಾ ಹೋಗುವುದು. ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಒಂದು ತೂತು ತಪ್ಪಿದರೆ ಆ ಕಾರ್ಡಿನಲ್ಲಿ ನೇಯ್ದ ಅಷ್ಟೂ ಸೀರೆಗಳ ಸೆರಗಿನಲ್ಲಿ ನವಿಲಿಗೆ ಕಣ್ಣಿರುವುದಿಲ್ಲ. ನಾನು ಅಂಥ ಕುರುಡು ನವಿಲುಗಳನ್ನು ಬೇಕಾದಷ್ಟು ಮಾಡಿದ್ದೇನೆ. ಆಮೇಲೆ ನಾನು ಕೆಲಸಕ್ಕಿದ್ದ ಸೀರೆ ವ್ಯಾಪಾರಿ ಕಂಪ್ಯೂಟರ್ ತಂದರು, ಡಿಸೈನ್ ಅದರಲ್ಲೇ ಬಿಡಿಸುವಂತಾಯಿತು. ಅವರನ್ನು ನಾವು ಯಜಮಾನರು ಅನ್ನುತ್ತಿದ್ದೆವು. ಸುತ್ತಲಿನ ಊರುಗಳ ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಕೊಟ್ಟು, ಸೀರೆ ನೇಯಿಸಿ ತರಿಸಿ ಮಾರುತ್ತಿದ್ದರು.

ತೊಂಬತ್ತೆಂಟರ ಸುಮಾರಿಗೆ ಯಜಮಾನರು ನೂಲಿನ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಲು ಅನ್ವರ್ ಸಾರ್ ಎಂಬುವವರನ್ನು ಕರೆಸಿದರು. ದೇವನಹಳ್ಳಿ ಕಡೆಯವರು, ಬೆಂಗಳೂರಿನಲ್ಲಿ ಕೆಲಸ ಕಲಿತವರು. ಆಗ ಎಲ್ಲರೂ ಒಂದು ಕಂಪ್ಯೂಟರಿಗೆ ಒಂದು ಪ್ರೋಗ್ರಾಮ್ ಹಾಕುತ್ತಿದ್ದ ಕಾಲ. ಅವರು ಮಾತ್ರ ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನು ಮಾಡಿದರು, ಮೂರು ಕಂಪ್ಯೂಟರಿನಲ್ಲೂ ಒಂದೇ ಪುಟ ಕಾಣುವ ಹಾಗೆ. ಡಿಸೈನ್ ಬಿಡಿಸುತ್ತಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಬರೆದದ್ದನ್ನು ನೋಡಿ ನೋಡಿ, ಕಾರ್ಡಿನ ತೂತಿನ ಹಾಗೆ, ಯಾವುದು ಎಲ್ಲಿ ಬಂದರೆ ಏನಾಗುತ್ತದೆ ಎಂದು ನೆನಪಿಟ್ಟುಕೊಂಡೆ. ಅರ್ಥವಾಗಿ ಬರೆದದ್ದು ಬಹಳ ವರ್ಷದ ಮೇಲೆ.

ಮೊದಲು ನನ್ನ ಕೈಗೆ ಕೊಟ್ಟದ್ದು ಬಾಕ್ಸಿನ ಕೆಲಸ. ಅಲರ್ಟ್ ಅಂದರೆ ಹೇಳಿ ಸುಮ್ಮನಾಗುವ ಬಾಕ್ಸು. ಕನ್ಫರ್ಮ್ ಅಂದರೆ ಹೌದೋ ಅಲ್ಲವೋ ಎಂದು ಕೇಳುವ ಬಾಕ್ಸು. ಇನ್ನೊಂದು ಆಗ ಹೊಸದಾಗಿ ಬಂದಿತ್ತು. ಬಾಕ್ಸಿನೊಳಗೆ ನಮಗೆ ಬೇಕಾದ ಪುಟವನ್ನೇ ಬರೆದಿಡಬಹುದಿತ್ತು. ನಾನು ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು, ಹೌದು, ಬೇಡ ಎಂದು ಎರಡು ಬಟನ್ ಇಟ್ಟಾಗ ನೋಡಲು ಇಡೀ ಆಫೀಸು ಎದ್ದು ಬಂದಿತ್ತು.

ಅನ್ವರ್ ಸಾರ್ ಅವತ್ತೇ ಒಂದು ಮಾತು ಹೇಳಿದ್ದರು. "ನೋಡು ಭಾಯ್, ಇದು ಮೆಷಿನ್ನನ್ನ ನಿಲ್ಸೋದಲ್ಲ, ಮನುಷ್ಯನ್ನ ನಿಲ್ಸೋದು. ರಸ್ತೇಲಿ ಹೋಗ್ತಿರೋನ್ನ ಭುಜ ಹಿಡ್ಕೊಂಡು ನಿಲ್ಸಿದ್ರೆ ಒಂದು ಕಾರಣ ಬೇಕಲ್ವಾ?"

ನನಗೆ ಕಾರಣ ಬೇಕಾಗಿರಲಿಲ್ಲ, ಬಾಕ್ಸು ಬರಿಸುವ ಖುಷಿಯೇ ಸಾಕಾಗಿತ್ತು. ಉಗ್ರಾಣದಲ್ಲಿ ನೂಲು ಕಡಿಮೆಯಾದರೆ ಎಚ್ಚರಿಸಲು ಒಂದು ಬಾಕ್ಸು ಮಾಡಿದೆ. ಒಟ್ಟು ಕಡಿಮೆಯಾದರೆ ಒಂದು ಸಲ ಹೇಳಬೇಕಾಗಿತ್ತು. ನಾನು ಪ್ರತಿ ಬಣ್ಣವನ್ನೂ ಎಣಿಸುವ ಸುತ್ತಿನ ಒಳಗೆ ಅದನ್ನು ಇಟ್ಟುಬಿಟ್ಟಿದ್ದೆ. ಉಗ್ರಾಣದ ಮುನಿಯಪ್ಪನವರು ಪುಟ ತೆರೆದರು, ಬಾಕ್ಸು ಬಂತು. ಒತ್ತಿದರು, ಇನ್ನೊಂದು ಬಂತು. ಊಟದ ಹೊತ್ತಿಗೂ ಒತ್ತುತ್ತಲೇ ಇದ್ದರು.

"ಏನಪ್ಪಾ ನಾಗರಾಜ, ನಿನ್ ಮೆಷಿನ್ನು ನಮ್ಮತ್ತೆ ತರ ಕಣಪ್ಪ. ಹೂಂ ಅಂದಷ್ಟೂ ಕೇಳ್ತದೆ."

ಇನ್ನೊಂದು ಸಲ ಬಾಕ್ಸು ಬೇರೊಂದು ಕಿಟಕಿಯ ಹಿಂದೆ ಅಡಗಿ ಕೂತಿತ್ತು. ಮುಂದಿನ ಪುಟ ಏನು ಮಾಡಿದರೂ ಅಲುಗುತ್ತಿರಲಿಲ್ಲ. ಕಂಪ್ಯೂಟರ್ ಸತ್ತಿತು ಎಂದು ಯಜಮಾನರು ಫೋನು ಮಾಡಿಸಿದರು. ಅನ್ವರ್ ಸಾರ್ ಬಸ್ಸಿನಲ್ಲಿ ನಿಂತುಕೊಂಡು ಬಂದು, ಮುಂದಿನ ಕಿಟಕಿಯನ್ನು ಪಕ್ಕಕ್ಕೆ ಎಳೆದರು. ಹಿಂದೆ ನನ್ನ ಬಾಕ್ಸು 'ಮುಗಿಯಿತೇ?' ಎಂದು ಕೇಳುತ್ತಾ ಕೂತಿತ್ತು. ಅವರು ಟೀ ಕುಡಿದು, "ಇಷ್ಟಕ್ಕೆ ನನ್ನ ಬಸ್ ಹತ್ತಿಸ್ದೆಯಲ್ಲೋ" ಎಂದು ಹೊರಟರು. ಹೊಸದಾಗಿ ಸೇರುವವರೇ, ಕೆಲಸ ನಿಂತಿದೆ ಎಂದು ಯಾರಾದರೂ ದೂರು ಹೇಳಿದರೆ ಮೊದಲು ಕಿಟಕಿಯ ಹಿಂದೆ ನೋಡಿ.

ಅನ್ವರ್ ಸಾರ್ ಬೇರೆ ಕೆಲಸ ಸಿಕ್ಕಿ ಹೋದ ಮೇಲೆ ಪುಟಗಳೆಲ್ಲ ನನ್ನ ಕೈಗೆ ಬಂದವು. ಯಜಮಾನರಿಗೆ ಬಾಕ್ಸು ಅಂದರೆ ಪ್ರಾಣ. "ಕೇಳ್ಬೇಕು ನಾಗ, ಪ್ರತಿಯೊಂದಕ್ಕೂ ಕೇಳ್ಬೇಕು. ನಾನೇ ಬಾಯಲ್ಲಿ ಎಷ್ಟೂಂತ ಕೇಳ್ಲಿ ಇವ್ರುನ್ನ?" ನಾನು ಕೇಳಿಸಿದೆ. ಪುಟ ತೆರೆದರೆ ಬಾಕ್ಸು, ಮುಚ್ಚಿದರೆ ಬಾಕ್ಸು, ಹೆಸರು ಹೊಡೆದರೆ ಬಾಕ್ಸು. ಅವುಗಳ ಮಧ್ಯೆ ಒಂದೇ ಒಂದು ಕೆಲಸಕ್ಕೆ ಬರುವಂಥದ್ದಿತ್ತು. ನೂಲು ಕೊಡುವಾಗ ಹೊಡೆದ ಬಣ್ಣದ ನಂಬರು ಆರ್ಡರಿನ ಬಣ್ಣಕ್ಕೆ ತಾಳೆಯಾಗದಿದ್ದರೆ, 'ಬಣ್ಣ ಬೇರೆ ಇದೆ, ಕೊಡಬೇಕೆ?' ಎಂದು ಕೇಳುತ್ತಿತ್ತು.

ಆ ಹೊತ್ತಿಗೆ ಟೈಪ್ ಮಾಡುವವರು ಬೇಕಾದರು. ನಾನು ಅಕ್ಕನ ಹೆಸರು ಹೇಳಿದೆ.

ಸರೋಜಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಗೆ ಮುಂಚೆ, ಕಂಡಿಕೆ ಸುತ್ತುವ ಬಿಡುವಿನಲ್ಲಿ, ಟೈಪಿಂಗ್ ಕ್ಲಾಸಿಗೆ ಹೋಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಜೂನಿಯರ್ ಪಾಸು ಮಾಡಿದ್ದಳು. ಕೀಬೋರ್ಡಿನ ಕಡೆ ಒಮ್ಮೆಯೂ ನೋಡದೆ ಹೊಡೆಯುತ್ತಿದ್ದಳು. ಭಾವನೂ ಶೆಡ್ಡಿನಲ್ಲಿ ನೇಯುವವರೇ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ನಮ್ಮ ಮನೆಯ ಹೆಂಗಸರಲ್ಲಿ ಸಿಕ್ಕಿದ್ದು ಅವಳಿಗೇ ಮೊದಲು. ಮೊದಲ ದಿನ ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮುನಿಯಪ್ಪನವರು, "ಹಿಂದಕ್ಕೆ ಒರಗಮ್ಮಾ, ಬಾಡಿಗೆ ಕೇಳಲ್ಲ" ಅಂದರು. ಆಮೇಲೆ ಅವಳ ಬೆನ್ನು ನೆಟ್ಟಗಾಯಿತು. ಮನೆಯಲ್ಲೂ ಅವಳ ಮಾತಿಗೆ ಒಂದು ತೂಕ ಬಂತು. ಅಪ್ಪ ನೆರೆಯವರ ಹತ್ತಿರ ಮಾತಾಡುವಾಗ ನನ್ನ ಹೆಸರಿಗಿಂತ ಮೊದಲು ಅವಳ ಹೆಸರು ಬರುತ್ತಿತ್ತು.

ಬಾಕ್ಸಿನ ಕಾಟ ಎಲ್ಲರಿಗಿಂತ ಹೆಚ್ಚು ತಾಗಿದ್ದು ಅವಳಿಗೆ.

"ನಾಗ, ಈ ಬಾಕ್ಸುಗಳನ್ನ ಸ್ವಲ್ಪ ಕಡಿಮೆ ಮಾಡೋ. ಬೇಕಾದ್ದಕ್ಕೂ ಕೇಳತ್ತೆ, ಬೇಡದ್ದಕ್ಕೂ ಕೇಳತ್ತೆ. ಕೈ ತಾನಾಗೇ ಹೌದು ಅಂತ ಒತ್ಬಿಡತ್ತೆ."

"ಯಜಮಾನ್ರು ಒಪ್ಪಲ್ಲಕ್ಕ."

"ಆ ಬಣ್ಣದ್ದು ಇರ್ಲಿ. ಅದು ಮಾತ್ರ ಬೇಕು. ಅದು ಬಂದಾಗ ನಾನು ಕೈಯನ್ನೇ ತೆಗ್ದುಬಿಡ್ತೀನಿ."

ಇದು ನಾನೇ ಕಣ್ಣಾರೆ ನೋಡಿದ್ದು. ಬಣ್ಣದ ಬಾಕ್ಸು ಬಂದರೆ ಅವಳು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗ್ಗಿ ಒಪ್ಪಿಸುವವಳ ಹಾಗೆ ತುಟಿ ಅಲುಗಿಸುತ್ತಾ ಓದಿ, ಚೀಟಿ ನೋಡಿ, ಆಮೇಲೆ ಒತ್ತುತ್ತಿದ್ದಳು. ಈ ವಿಷಯವನ್ನು ನೀವು ನೆನಪಿಡಿ. ನಾನು ಅದನ್ನು ಮರೆತಂತೆ ನಟಿಸಿದ್ದೇನೆ.

ಅವಳ ದೂರನ್ನು ನಾನು ಯಜಮಾನರಿಗೆ ಮುಟ್ಟಿಸಿದೆ. "ಕೈ ತಾನಾಗೇ ಒತ್ತತ್ತಂತೆ ಯಜಮಾನ್ರೇ, ಸ್ವಲ್ಪ ತೆಗೀಲಾ?" ಅವರು ನಕ್ಕು, "ಕೈಗೆ ಬುದ್ಧಿ ಹೇಳು ಅನ್ನು ನಿಮ್ಮಕ್ಕಂಗೆ" ಅಂದರು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಮದುವೆಗಳ ಕಾಲ ಬರುತ್ತಿತ್ತು. ನೆಲಮಂಗಲದಲ್ಲಿ ಹೆದ್ದಾರಿಯ ಪಕ್ಕ ಯಜಮಾನರು ಹೊಸ ಗೋಡೌನು ಮಾಡಿದ್ದರು. ಅಲ್ಲಿಗೂ ಈ ಪುಟಗಳನ್ನು ಹಾಕಬೇಕಿತ್ತು. ಅದಕ್ಕೆ ಮೊದಲು ಹಳೆಯ ನೂಲಿನ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿಸಬೇಕು ಎಂದು ಯಜಮಾನರು ಹಟ ಹಿಡಿದರು. ಹಳೆಯ ಆರ್ಡರುಗಳು ಕಂಪ್ಯೂಟರಿನಲ್ಲಿ ಇರಲಿಲ್ಲ. ಹಾಗಾಗಿ ಪ್ರತಿ ಚೀಟಿಗೂ ಬಣ್ಣದ ಬಾಕ್ಸು ಎದ್ದು ನಿಲ್ಲುತ್ತಿತ್ತು. ಜೊತೆಗೆ ಉಳಿದವೂ. ಅಕ್ಕನೂ ನಾನೂ ಬೆಳಗ್ಗೆಯಿಂದ ಹೊಡೆದರೂ ಚೀಟಿಯ ಕಟ್ಟು ಕರಗಲಿಲ್ಲ.

"ಸಾಯಂಕಾಲಕ್ಕೆ ಮುಗೀಬೇಕು. ನಾಳೆ ನೀನು ನೆಲಮಂಗ್ಲದಲ್ಲಿರ್ಬೇಕು" ಎಂದು ಯಜಮಾನರು ಬಂದು ಹೇಳಿ ಹೋದರು.

ಉಳಿದದ್ದನ್ನು ನಾನೇ ಹೊಡೆಯುತ್ತೇನೆ ಎಂದು ಅಕ್ಕನನ್ನು ಮಧ್ಯಾಹ್ನವೇ ಮನೆಗೆ ಕಳಿಸಿ ನಾನು ಆ ಕೆಲಸ ಮಾಡಿದೆ. ಎಲ್ಲ ಬಾಕ್ಸುಗಳೂ ಫಂಕ್ಷನ್ ಎನ್ನುವ ಒಂದೇ ಕೋಡಿನ ತುಂಡಿನ ಮೂಲಕ ಬರುತ್ತಿದ್ದವು. ಅದರ ತಲೆಯ ಮೇಲೆ ಒಂದು ಸಾಲು ಬರೆದೆ. ಯಾರು ಏನು ಕೇಳಿದರೂ, ಬಾಕ್ಸು ತೋರಿಸದೆ, ಹೌದು ಎಂದು ಉತ್ತರ ಕೊಟ್ಟು ವಾಪಸು ಬಾ ಎನ್ನುವ ಸಾಲು. ಬರೆಯುವಾಗ ನನಗೆ ಅಪ್ಪನ ನೂಲಿನ ತುಂಡೇ ನೆನಪಾಗಿ ನಗು ಬಂದಿತ್ತು. ಚೀಟಿಗಳು ಹರಿದು ಹೋದವು. ಸಂಜೆಯ ಹೊತ್ತಿಗೆ ಮುಗಿಯಿತು. ಯಜಮಾನರು ಬೆನ್ನು ತಟ್ಟಿದರು. ನಾಳೆ ಬಿಚ್ಚಿದರಾಯಿತು ಎಂದುಕೊಂಡು ಮನೆಗೆ ಹೋದೆ. ಬೆಳಗ್ಗೆ ನೆಲಮಂಗಲದ ಬಸ್ಸು ಹತ್ತಿದೆ.

ಗೋಡೌನಿನಲ್ಲಿ ಕೆಲಸ ಹಿಡಿದುಕೊಂಡಿತು. ಅಲ್ಲೇ ಉಳಿದೆ. ಒಂದು ದಿನ ಅಕ್ಕ ಆಫೀಸಿನಿಂದ ಫೋನು ಮಾಡಿದಳು.

"ಬಾಕ್ಸು ಕಡಿಮೆ ಮಾಡಿದ್ದೀಯಲ್ಲೋ! ಹೇಳ್ದೆ ಕೇಳ್ದೆ! ಪುಣ್ಯ ಬರ್ಲಿ ನಿಂಗೆ. ಕೈಗೆ ಎಷ್ಟು ಹಾಯಾಗಿದೆ ಗೊತ್ತಾ?"

ಹೊರಗೆ ಲಾರಿಗಳ ಸದ್ದು. ಅವಳ ದನಿಯಲ್ಲಿದ್ದ ಸಂತೋಷ ಕೇಳಿ ನನಗೂ ಸಂತೋಷವಾಯಿತು. "ಹೂಂ ಅಕ್ಕ, ನಿಂಗೋಸ್ಕರಾನೇ" ಅಂದೆ. ಆ ಕ್ಷಣದಲ್ಲಾದರೂ ನೆನಪಾಗಬೇಕಿತ್ತು. ಹೊಗಳಿಕೆ ಕಿವಿಗೆ ಬಿದ್ದಾಗ ಬೇರೆ ಏನೂ ಕೇಳಿಸಲಿಲ್ಲ. ಅವಳು, ಸಣ್ಣಪುಟ್ಟವೆಲ್ಲ ಹೋಗಿ ಬಣ್ಣದ್ದು ಒಂದು ಉಳಿದಿದೆ ಎಂದು ನಂಬಿಕೊಂಡು, ನಿಶ್ಚಿಂತೆಯಿಂದ ಹೊಡೆಯುತ್ತಾ ಹೋದಳು.

ಆವತಿಯ ಒಂದು ಮನೆಯವರು ಮದುವೆಗೆ ಸೀರೆ ಹೇಳಿದ್ದರು. ಧಾರೆಯ ಸೀರೆ, ಜೊತೆಗೆ ಮನೆಯ ಸೊಸೆಯಂದಿರಿಗೆಲ್ಲ ಅದೇ ಬಣ್ಣದ್ದು. ಅರಿಶಿನದ ಬಣ್ಣ, ಕೆಂಪು ಅಂಚು. ನೂಲು ನಮ್ಮ ತಾಲ್ಲೂಕಿನದೇ ಮಧುರೆಯ ಒಂದು ಮಗ್ಗದ ಮನೆಗೆ ಹೋಗಬೇಕಿತ್ತು. ಅಕ್ಕ ಬಣ್ಣದ ನಂಬರು ಹೊಡೆಯುವಾಗ ಒಂದು ಅಂಕಿ ಪಕ್ಕಕ್ಕೆ ಜಾರಿತು. ದಿನವೆಲ್ಲ ಹೊಡೆಯುವವರ ಕೈ ಒಮ್ಮೊಮ್ಮೆ ಜಾರುತ್ತದೆ. ಆ ಬಾಕ್ಸು ಇದ್ದದ್ದೇ ಅದಕ್ಕೆ. ಬಾಕ್ಸು ಬರಲಿಲ್ಲ. ಚೀಟಿ ಅಚ್ಚಾಯಿತು. ಮುನಿಯಪ್ಪನವರು ಚೀಟಿಯಲ್ಲಿದ್ದಂತೆ ಗಿಳಿಹಸಿರು ನೂಲು ಕಟ್ಟಿ ಕಳಿಸಿದರು. ಮಧುರೆಯವರಿಗೆ ಮದುವೆ ಯಾರದು, ಕೇಳಿದ ಬಣ್ಣ ಯಾವುದು ಎಂದು ಹೇಗೆ ಗೊತ್ತಿರಬೇಕು? ಕೊಟ್ಟದ್ದನ್ನು ನೇಯ್ದರು.

ಸೀರೆ ಬಂದ ದಿನ ನಾನೂ ನೆಲಮಂಗಲದಿಂದ ವಾಪಸು ಬಂದಿದ್ದೆ. ಆವತಿಯವರು ಬಂದು ಗಾದಿಯ ಮೇಲೆ ಕೂತಿದ್ದರು. ಕಟ್ಟು ಬಿಚ್ಚಿದ ಕೂಡಲೇ ಹುಡುಗಿಯ ತಾಯಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದೇನ್ರೀ ಇದು? ನಮ್ಮನೇಲಿ ಧಾರೆಗೆ ಅರಿಶಿನದ ಬಣ್ಣಾನೇ ಆಗ್ಬೇಕು ಅಂತ ಬಡ್ಕೊಂಡಿದ್ನಲ್ಲ. ವಾರದಲ್ಲಿ ಚಪ್ಪರ. ಯಾರ್ ಮುಖ ನೋಡ್ಲಿ ನಾನು?"

ಅವರು ಅಳತೊಡಗಿದರು. ಯಜಮಾನರು ಬೇರೆ ಸೀರೆಗಳನ್ನು ತೆಗೆಸಿ ಹರಡಿದರು, ಅವರು ನೋಡಲೂ ಇಲ್ಲ. ಎದ್ದು ಹೋದರು. ಆವತಿ ಕಡೆಯ ಮದುವೆ ವ್ಯಾಪಾರ ಆಮೇಲೆ ನಮ್ಮ ಕಡೆ ತಿರುಗಲಿಲ್ಲ.

ಯಜಮಾನರು ಎಲ್ಲರನ್ನೂ ಕಂಪ್ಯೂಟರ್ ಇದ್ದ ಕೋಣೆಗೆ ಕರೆದರು. ಮುನಿಯಪ್ಪನವರು ಚೀಟಿ ತೋರಿಸಿದರು, ಅವರದು ಏನೂ ತಪ್ಪಿರಲಿಲ್ಲ.

"ಏನಮ್ಮಾ ಸರೋಜ? ಬಾಕ್ಸು ಕೇಳಲ್ವಾ ಬಣ್ಣ ಬೇರೆ ಅಂತ?"

"ಬರ್ಲಿಲ್ಲ ಯಜಮಾನ್ರೇ." ಅಕ್ಕ ತಡವರಿಸದೆ ಹೇಳಿದಳು. "ನಂಬರು ತಪ್ಪು ಹೊಡ್ದಿರ್ಬೋದು ನಾನು. ಆದ್ರೆ ಬಾಕ್ಸು ಬರ್ಲಿಲ್ಲ. ಬಂದಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ."

"ನೀನೇ ಅಂದಿದ್ದೆಯಂತಲ್ಲ, ಕೈ ತಾನಾಗೇ ಒತ್ತತ್ತೆ ಅಂತ?"

ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ನಾಗ, ನೀನು ನೋಡು" ಅಂದರು ಯಜಮಾನರು. "ಬರತ್ತೋ ಇಲ್ವೋ ನೋಡ್ಬಿಟ್ಟು ಹೇಳು."

ಕುರ್ಚಿಯಲ್ಲಿ ಕೂತು ಫೈಲು ತೆರೆದೆ. ತಲೆಯ ಮೇಲೇ ಆ ಸಾಲು ಇತ್ತು. ನನ್ನ ಬೆನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಯಾರಿಗೂ ಅದು ಓದಲು ಬರುತ್ತಿರಲಿಲ್ಲ. ಇದೇ ಇದು, ನಾನೇ ಹಾಕಿದ್ದು ಎಂದು ಬೆರಳು ತೋರಿಸಿದ್ದರೆ ಸಾಕಿತ್ತು. ಬೆರಳು ಬೇರೆ ಕಡೆ ಹೋಯಿತು. ಸಾಲನ್ನು ಅಳಿಸಿದೆ, ಬಣ್ಣದ ಬಾಕ್ಸೊಂದೇ ಬರುವ ಹಾಗೆ ತಿದ್ದಿದೆ. ಫೈಲನ್ನು ಸೇವ್ ಮಾಡಿದೆ. ಪುಟ ತೆರೆದು ಬೇಕೆಂದೇ ತಪ್ಪು ನಂಬರು ಹೊಡೆದೆ. 'ಬಣ್ಣ ಬೇರೆ ಇದೆ, ಕೊಡಬೇಕೆ?' ಎಂದು ಬಾಕ್ಸು ಎದ್ದು ನಿಂತಿತು.

"ಬರತ್ತೆ ಯಜಮಾನ್ರೇ."

"ಅವತ್ತೂ ಬಂದಿತ್ತಾ?"

"ಚಿಕ್ಕಪುಟ್ಟವು ತೆಗ್ದಿದ್ದೆ. ಬಣ್ಣದ್ದು ಹಂಗೇ ಇತ್ತು. ಬಂದಿರ್ಬೇಕು."

ಅಕ್ಕ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ನಿಂತಿದ್ದರೆ ನಾನು ಒಡೆದುಹೋಗುತ್ತಿದ್ದೆನೋ ಏನೋ. ಅವಳು ಬಾಕ್ಸನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು, ಯಾರದೋ ಕೈ ನೋಡಿದ ಹಾಗೆ.

"ನಾಗ ಹೇಳ್ತಾನೆ ಅಂದ್ರೆ ಬಂದಿರತ್ತೆ" ಅಂದಳು. "ನಾನೇ ನೋಡ್ಲಿಲ್ವೇನೋ."

ಯಜಮಾನರು ಅವಳನ್ನು ಬೈಯಲಿಲ್ಲ. "ಮನೆಗೆ ಹೋಗಮ್ಮ" ಅಂದರು, ಅಷ್ಟೇ. ಮುನಿಯಪ್ಪನವರು ಬಾಗಿಲವರೆಗೆ ಹೋಗಿ ಅವಳ ಊಟದ ಡಬ್ಬಿ ಕೊಟ್ಟು ಬಂದರು.

ಯಾಕೆ ಹಾಗೆ ಮಾಡಿದೆ? ನೆಲಮಂಗಲದ ಗೋಡೌನಿನ ಕೆಲಸ ನನ್ನ ಕೈಗೆ ಬಂದಿತ್ತು. ಓದು ಇಲ್ಲದವನು, ಇಲ್ಲಿಂದ ಬಿದ್ದರೆ ತೂತು ಹೊಡೆಯುವ ಕೆಲಸವೂ ಉಳಿದಿಲ್ಲ ಎಂಬ ಹೆದರಿಕೆ. ಅಕ್ಕನಿಗೆ ಭಾವ ಇದ್ದಾರೆ, ಮನೆ ನಡೆಯುತ್ತದೆ ಎಂಬ ಲೆಕ್ಕ. ಎಲ್ಲವೂ ನಿಜ. ಯಾವುದೂ ಸಾಲುವುದಿಲ್ಲ.

ಆ ವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಒಂದೇ ಒಂದು ಸಲ ಕೇಳಿದಳು. "ನಿಜ ಹೇಳೋ ನಾಗ. ಬಂದಿತ್ತಾ?"

"ಬಿಡಕ್ಕ, ಆಗಿದ್ದಾಗೋಯ್ತು" ಅಂದು ಸಾರು ಬಡಿಸಿಕೊಂಡೆ.

ಅಕ್ಕ ಮತ್ತೆ ನೆಲದ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತಿದಳು. ಅದರಲ್ಲಿ ಅವಮಾನವೇನೂ ಇಲ್ಲ, ನಮ್ಮಮ್ಮ ಸಾಯುವವರೆಗೂ ಅದನ್ನೇ ಮಾಡಿದಳು. ಹೋದದ್ದು ಬೇರೆ. ಕೀಬೋರ್ಡು ನೋಡದೆ ಹೊಡೆಯುತ್ತಿದ್ದವಳು ಈಗ ಬಾಗಿಲಿಗೆ ಬೀಗ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ, ವಾಪಸು ಬಂದು ಎಳೆದು ನೋಡುತ್ತಾಳೆ. ಒಲೆ ಆರಿಸಿ ಮಗಳನ್ನು ಕರೆದು, "ಆರಿದೆಯಾ ನೋಡೇ" ಅನ್ನುತ್ತಾಳೆ. ಸಾರಿಗೆ ಉಪ್ಪು ಹಾಕಿದೆನಾ ಎಂದು ಪಕ್ಕದವರನ್ನು ಕೇಳುತ್ತಾಳೆ. ಮಗಳ ಮದುವೆಯಲ್ಲಿ ಒಡವೆಯ ಪೆಟ್ಟಿಗೆಯ ಬೀಗದ ಕೈಯನ್ನು ಅವಳು ಇಟ್ಟುಕೊಳ್ಳಲಿಲ್ಲ. "ನನ್ ಕಣ್ಣು ನಂಬಕ್ಕಾಗಲ್ಲಮ್ಮ" ಎಂದು ನಾದಿನಿಯ ಕೈಗೆ ಕೊಟ್ಟಳು. ಮನೆಯವರೆಲ್ಲ ಇದನ್ನು ಅವಳ ಸ್ವಭಾವ ಅಂದುಕೊಂಡಿದ್ದಾರೆ. ಅವಳು ಹುಟ್ಟಿನಿಂದ ಹೀಗಿರಲಿಲ್ಲ ಎಂದು ಗೊತ್ತಿರುವವನು ನಾನೊಬ್ಬನೇ.

ನನ್ನ ಕೆಲಸ ಮುಂದುವರಿಯಿತು. ಯಜಮಾನರ ಬಳಿಯಿಂದ ಬೇರೆಯವರ ಬಳಿಗೆ, ಆಮೇಲೆ ಬೆಂಗಳೂರಿಗೆ. ಬಾಕ್ಸು ಮಾಡುವ ರೀತಿಗಳು ಬದಲಾದವು. ಒಳಗೆ ನಮ್ಮದೇ ಪುಟ ಬರೆದಿಟ್ಟು ನಾವು ಅಷ್ಟು ಮೆರೆದಾಡಿದ್ದ ಆ ಕಿಟಕಿಯನ್ನು ಬ್ರೌಸರಿನವರೇ ಕಿತ್ತುಹಾಕಿದರು. ಪುಟದ ಮೇಲೇ ಒಂದು ಮಬ್ಬು ತೆರೆ ಎಳೆದು, ಅದರ ಮೇಲೆ ಚೌಕ ಕೂರಿಸುವುದು ಬಂತು. ಮಬ್ಬಿನ ಹಿಂದಿನ ಬಟನ್ನುಗಳು ಕೀಬೋರ್ಡಿಗೆ ಸಿಕ್ಕಿಬಿಡುತ್ತಿದ್ದವು, ಅದನ್ನು ತಡೆಯಲು ನಾವು ಪಟ್ಟ ಪಾಡು ಬೇರೆ. ಈಗ ಯಾರೋ ಮಾಡಿಟ್ಟದ್ದನ್ನು ಒಂದು ಸಾಲಿನಲ್ಲಿ ಕರೆದರೆ ಸಾಕು. ಚೌಕ ಮುಚ್ಚಿದ ಮೇಲೆ ಮನುಷ್ಯ ಎಲ್ಲಿದ್ದನೋ ಅಲ್ಲಿಗೇ ಅವನನ್ನು ವಾಪಸು ಬಿಡಿ. ಮೊದಲು ಬೆಳಗುವ ಬಟನ್ 'ಬೇಡ' ಇರಲಿ. ಬಟನ್ನಿನ ಮೇಲೆ ಬರೀ ಹೌದು ಎಂದು ಬರೆಯಬೇಡಿ, ಒತ್ತಿದರೆ ಏನಾಗುತ್ತದೋ ಅದನ್ನು ಬರೆಯಿರಿ. ಪರೀಕ್ಷೆಗೆಂದು ಬಾಕ್ಸನ್ನು ಕಟ್ಟಿಹಾಕಬೇಕಾಗಿ ಬಂದರೆ, ಪುಟದ ಮೇಲೆ ಕೆಂಪು ಪಟ್ಟಿ ಎಳೆದು, ಕಟ್ಟಿದೆ ಎಂದು ಎಲ್ಲರಿಗೂ ಕಾಣುವಂತೆ ಕಟ್ಟಿ. ನಾನು ಪ್ರತಿ ಕಡೆಯೂ ಹೀಗೆ ಮಾಡುತ್ತಿದ್ದೆ. ನಾಗರಾಜ್ ಬಹಳ ಎಚ್ಚರದ ಮನುಷ್ಯ ಎಂದು ಹೆಸರು ಬಂತು. ಆ ಎಚ್ಚರ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಭಾವ ಈಗಿಲ್ಲ. ಮಗಳು ಕೊಟ್ಟಿದ್ದ ಫೋನನ್ನು ಅಕ್ಕ ಮುಂದಿಟ್ಟು, "ಇದ್ರಲ್ಲಿ ಕರೆಂಟು ಬಿಲ್ಲು ಕಟ್ಟೋದು ಹೆಂಗೆ ತೋರ್ಸು" ಅಂದಳು. ಹೇಳಿಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಒತ್ತುತ್ತಾ ಬಂದಳು. ಕೊನೆಗೆ ಪುಟದ ಮೇಲೆ ಮಬ್ಬು ಬಿದ್ದು ಒಂದು ಚೌಕ ಎದ್ದಿತು. ಇಷ್ಟು ಹಣ ಕಳಿಸಬೇಕೆ ಎಂದು ಕೇಳುತ್ತಿತ್ತು. ಅಕ್ಕ ಫೋನನ್ನು ಟಕ್ಕನೆ ನನ್ನ ಕೈಗೆ ಇಟ್ಟಳು.

"ನೀನೇ ಒತ್ತು."

"ನೀನೇ ಒತ್ತಕ್ಕ, ಸರಿಯಾಗೇ ಇದೆ."

"ಬೇಡಪ್ಪ. ನೋಡ್ದೆ ಒತ್ತೋ ಚಾಳಿ ನಂದು. ಅವತ್ತು ಆ ಮದುವೆ ಮನೆಯವ್ರ ಹೊಟ್ಟೆ ಉರ್ಸಿದ್ದು ಸಾಲ್ದಾ?" ಅಂದು ನಕ್ಕಳು. ಇಷ್ಟು ವರ್ಷದ ಮೇಲೆ ಅದು ಅವಳಿಗೆ ನಗುವ ವಿಷಯವಾಗಿತ್ತು, ತನ್ನನ್ನೇ ನೋಡಿ ನಗುವ ವಿಷಯ.

ಫೋನು ನನ್ನ ಕೈಯಲ್ಲಿ ಆರಿಹೋಯಿತು.

"ಅಕ್ಕ, ಅವತ್ತು ಬಾಕ್ಸು ಬರ್ಲಿಲ್ಲ."

"ಯಾವತ್ತು?"

"ಅವತ್ತೇ. ನೀನು ಹೇಳಿದ್ದೇ ನಿಜ. ಅಪ್ಪ ಮಗ್ಗದ ತಂತಿಗೆ ನೂಲು ಕಟ್ತಿದ್ರಲ್ಲ, ಹಂಗೆ ನಾನು ಎಲ್ಲಾ ಬಾಕ್ಸುಗಳ್ನ ಕಟ್ಟಿಹಾಕಿದ್ದೆ. ಚೀಟಿ ಬೇಗ ಮುಗೀಲಿ ಅಂತ. ಬಿಚ್ಚೋದು ಮರ್ತು ನೆಲಮಂಗ್ಲಕ್ಕೆ ಹೋದೆ. ಯಜಮಾನ್ರು ನೋಡು ಅಂದಾಗ ಬಿಚ್ಚಿ, ಆಮೇಲೆ ತೋರ್ಸಿದೆ."

ಅಕ್ಕ ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

"ಬರ್ಲಿಲ್ವಾ?" ಅಂದಳು.

"ಬರ್ಲಿಲ್ಲ."

"ಎಲ್ಲಾರ್ ಮುಂದೆ ಹೇಳಿದ್ನಲ್ಲೋ ನಾನು. ಬಂದಿದ್ರೆ ಕೊಡ್ತಾನೇ ಇರ್ಲಿಲ್ಲ ಅಂತ." ಅವಳ ದನಿ ಏರಲಿಲ್ಲ. "ನೀನು ಕುರ್ಚಿ ಮೇಲೆ ಕೂತಿದ್ದೆ. ನಿನ್ ಮುಖ ನೋಡಿ, ನನ್ ಕಣ್ಣೇ ಸುಳ್ಳು ಅಂದ್ಕೊಂಡೆ ಕಣೋ."

ಅವಳು ಎದ್ದು ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಕನ್ನಡಕ ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು, ಹಿಂದೆ ಆ ಬಾಕ್ಸು ಬಂದಾಗ ಕೂರುತ್ತಿದ್ದ ಹಾಗೆಯೇ. ನಾನು ಅವಳ ಮುಂದೆ ನೆಲದ ಮೇಲೆ ಕೂತೆ.

"ತಪ್ಪಾಯ್ತಕ್ಕ" ಅಂದೆ. "ನಿನ್ ಕಣ್ಣು ಸರಿಯಾಗೇ ನೋಡಿತ್ತು. ನಾನು ಸುಳ್ಳು ಹೇಳ್ದೆ. ತಪ್ಪಾಯ್ತು."